ಸೊನ್ನೆಯೋ ಒಂಬತ್ತೋ

ಅಂಗೈ ತಣ್ಣಗಾಯಿತು, ಸ್ಯಾನಿಟೈಸರಿನ ಘಾಟು ಮೂಗಿಗೇರಿತು, ಆಮೇಲೆ ಕಂಡಿತು — ಅಂಗೈ ಮೇಲೆ ಬರೆದ ಫೋನ್ ನಂಬರಿನಲ್ಲಿ ಏಳಕ್ಕೂ ನಾಲ್ಕಕ್ಕೂ ನಡುವೆ ಒಂದು ಅಂಕಿ ಇಲ್ಲ, ನೀಲಿ ಮಸಿ ಕಲಸಿಹೋಗಿದೆ, ಕೈಗೆ ಹಚ್ಕೊಳ್ಳೇ ಶ್ಯಾಮಲಾ ಎಂದು ಔಷಧಿ ಅಂಗಡಿ ಯಜಮಾನ ಶೇಷಪ್ಪ ಈಗಷ್ಟೇ ಗದರಿದ್ದು, ಹಚ್ಚಿಕೊಂಡದ್ದು, ಹೋದದ್ದು. ಕೌಂಟರಿನ ಮೇಲೆ, ಬೆಳಿಗ್ಗೆ ಬಂದುಹೋದ ಗಿರಾಕಿ ಕೆರಿಯಮ್ಮನ ಪ್ರೆಶರ್ ಮಾತ್ರೆ ಹಾಗೇ ಬಿದ್ದಿದೆ, ಹಾಗಾದರೆ ಅವಳ ಚೀಲಕ್ಕೆ ಹಾಕಿದ್ದು ಪಕ್ಕದ ಶುಗರ್ ಮಾತ್ರೆ, ಅದೇ ಬೆಳ್ಳಿ ಬಣ್ಣದ ಪಟ್ಟಿ, ಅದೇ ಉದ್ದ, ಶುಗರೇ ಇಲ್ಲದ ಮುದುಕಿ ಅದನ್ನು ನುಂಗಿದರೆ — ಬೆವರು, ನಡುಕ, ಆಮೇಲೆ ಎಚ್ಚರವೇ ಇರುವುದಿಲ್ಲ. ಅವಳು ಹತ್ತಿದ ನಗರ ಊರಿನ ಬಸ್ಸು ಹೊಸನಗರ ಬಿಟ್ಟು ಎಷ್ಟೊತ್ತಾಯಿತೋ, ಇಳಿಯುವುದು ಎಲ್ಲೋ, ಕೇಳಿದವರಾರು, ಮಂಡಿನೋವಿನ ಎಣ್ಣೆ ಬಂದ್ರೆ ಒಂದು ಫೋನ್ ಮಾಡು ಮಾರಾಯ್ತಿ, ಬರ್ಕ, ಎಂದು ಅವಳೇ ಹೇಳಿದ ನಂಬರು, ಕಾಗದ ಹುಡುಕುವ ಸೋಮಾರಿತನಕ್ಕೆ ಅಂಗೈ, ಊಟ ಆದ ಕೂಡ್ಲೇ ಒಂದು ನುಂಗಿ ಅಮ್ಮಾ ಎಂದದ್ದೂ ಇದೇ ಬಾಯಿ, ಈಗ ಊಟದ ಹೊತ್ತು. ಹತ್ತು ಅಂಕಿ, ಒಂಬೈನೂರು ಕೋಟಿ ಮೀರಿದ ಸಂಖ್ಯೆ, ಒಂದು ಅಂಕಿ ಅಳಿಸಿದರೆ ಹತ್ತು ಮನೆ, ಹತ್ತು ಹಲೋ — ತಡೆ, ಅವಳು ನಕ್ಕಿದ್ದಳಲ್ಲ, ಬಾಯಿ ತುಂಬ ಎಲೆಯಡಿಕೆ, ನಂದು ಸುಮ್ನೆ ನಂಬರಲ್ಲ ಹೆಣ್ಣೇ, ಕೂಡ್ಸಿ ಕೂಡ್ಸಿ ಕೊನಿಗೆ ಒಂಬತ್ತೇ ಉಳೀಬೇಕು ಅಂತ ಮಗ ಹಟ ಹಿಡ್ದು ತಂದಿದ್ದು, ನಿನ್ ಮದ್ವೆ ಮುಹೂರ್ತಕ್ಕೂ ಇಷ್ಟು ನೋಡ್ತಾರೋ ಇಲ್ವೋ.

ಹಾಗಾದರೆ ಅದು ಒಂಬತ್ತರಿಂದ ಭಾಗವಾಗುವ ಸಂಖ್ಯೆ, ನೆನಪಿನೊಳಗೆ ಶಾಲೆಯ ರಂಗಮ್ಮ ಟೀಚರ್ ಸೀಮೆಸುಣ್ಣದಿಂದ ಹಲಗೆ ಕುಟ್ಟುತ್ತಿದ್ದಾರೆ, ಹತ್ತರಲ್ಲಿ ಒಂದು ತೆಗಿ ಒಂಬತ್ತು, ನೂರರಲ್ಲಿ ಒಂದು ತೆಗಿ ತೊಂಬತ್ತೊಂಬತ್ತು, ಸಾವಿರ ಆದ್ರೂ ಕೋಟಿ ಆದ್ರೂ ಅಷ್ಟೇ ಕಣ್ರೇ, ಎಲ್ಲಾ ಒಂಬತ್ತರಲ್ಲೇ ಭಾಗ ಆಗ್ತವೆ, ಅದಕ್ಕೇ ಅಂಕಿ ಕೂಡ್ಸಿ ನೋಡಿದ್ರೆ ಸಾಕು. ಕೂಡು. ಉಳಿದ ಒಂಬತ್ತು ಅಂಕಿಗಳ ಮೊತ್ತ ಐವತ್ತು ಬರಲಿ, ಅಳಿಸಿದ್ದು ನಾಲ್ಕು, ಐವತ್ತೊಂದು ಬರಲಿ, ಮೂರು, ದೇವರೇ, ಏನಾದರೂ ಬರಲಿ — ಬಂದದ್ದು ಐವತ್ನಾಲ್ಕು, ಒಂಬತ್ತಾರಲೆ ಐವತ್ನಾಲ್ಕು, ಆ ಖಾಲಿ ಜಾಗದಲ್ಲಿ ಸೊನ್ನೆಯೂ ಕೂರುತ್ತದೆ, ಒಂಬತ್ತೂ ಕೂರುತ್ತದೆ, ಒಂಬತ್ತಿನ ಕಣ್ಣಿಗೆ ಸೊನ್ನೆಯೂ ತಾನೂ ಒಂದೇ. ಸೊನ್ನೆ ಸೇರಿಸಿ ನಂಬರು ಒತ್ತಿದಳು, ಆ ಕಡೆ ಯಾರೋ ಗಂಡಸು. ಯಾವ ಕೆರಿಯಮ್ಮನ್ರೀ, ಇದು ತೀರ್ಥಹಳ್ಳಿ ಟೈರ್ ಅಂಗಡಿ, ಪಂಚರ್ ಆಗಿದ್ರೆ ಹೇಳಿ. ಹಾಗಾದರೆ ಒಂಬತ್ತು, ಬೇರೆ ದಾರಿಯೇ ಇಲ್ಲ, ಮಗನ ಲೆಕ್ಕ ತಪ್ಪಿರದಿದ್ದರೆ, ರಿಂಗ್, ಎಂತದೇ ಅದು ಎಂದು ಶೇಷಪ್ಪ, ರಿಂಗ್, ಏಳಕ್ಕೂ ನಾಲ್ಕಕ್ಕೂ ನಡುವೆ ನೀಲಿ ಕಲೆ, ರಿಂಗ್ — ಯಾರಾ? ಅವಳದೇ ದನಿ, ಬಾಯಲ್ಲೇನೋ ಇಟ್ಟುಕೊಂಡ ದನಿ, ಅಮ್ಮಾ ನಾನು ಮೆಡಿಕಲ್ ಶಾಪಿನ ಶ್ಯಾಮಲಾ, ಆ ಮಾತ್ರೆ — ತಡಿಯೇ ಮಾರಾಯ್ತಿ, ಬಾಯಲ್ಲೇ ಅದೆ, ನೀರು ಕುಡ್ದು ಮಾತಾಡ್ತೀನಿ — ಉಗೀರಿ ಅಮ್ಮಾ, ಉಗೀರಿ ಅದನ್ನ, ಕೂಗು ಬೀದಿಗೆಲ್ಲ ಕೇಳಿತು, ಆ ಕಡೆ ಲೋಟ ನೆಲಕ್ಕಿಟ್ಟ ಸದ್ದು, ಉಗಿದ ಸದ್ದಿಲ್ಲ, ನುಂಗಿದ ಸದ್ದಿಲ್ಲ, ಅಂಗೈಯಲ್ಲಿ ಏಳು, ಖಾಲಿ, ನಾಲ್ಕು, ಏಳು, ಖಾಲಿ —