ಗಿಣಿ ಓಡಿಸಲು ಕಟ್ಟಿದ ಸಿಡಿ

ಮೆಕ್ಕೆಜೋಳದ ಹೊಲದಲ್ಲಿ ಗಿಣಿ ಓಡಿಸಲು ಸಿಡಿ ಕಟ್ಟುವುದು ಮಾರುತೇಶನ ಸ್ವಂತ ಬುದ್ಧಿಯೇನಲ್ಲ, ಕತ್ತಲಗೆರೆಯಲ್ಲಿ ಹಲವರು ಕಟ್ಟುತ್ತಾರೆ. ದಾರಕ್ಕೆ ಪೋಣಿಸಿ ಎರಡು ಗಳುಗಳ ನಡುವೆ ಇಳಿಬಿಟ್ಟರೆ ಗಾಳಿಗೆ ತಿರುಗುತ್ತಾ ಫಳಫಳ ಹೊಳೆಯುತ್ತದೆ. ಗಿಣಿಗಳು ಎರಡು ದಿನ ಹೆದರುತ್ತವೆ, ಮೂರನೆಯ ದಿನ ಪಕ್ಕದಲ್ಲೇ ಕೂತು ತೆನೆ ತಿನ್ನುತ್ತವೆ. ಅವನ ಸ್ವಂತ ಬುದ್ಧಿ ಓಡಿದ್ದು ಸಿಡಿ ಆರಿಸುವಾಗ. ಕಟ್ಟಿದ ಆರರಲ್ಲಿ ಒಂದು ಅವನ ಅವ್ವ ಹಾಡಿದ್ದು.

ಅವ್ವ ಗಾದ್ರಮ್ಮ ಜಗಳೂರು ಕಡೆಯವಳು. ಇಪ್ಪತ್ತು ವರ್ಷದ ಹಿಂದೆ ಗಂಡನ ಜೊತೆ ಕೆಲಸ ಹುಡುಕಿಕೊಂಡು ಕತ್ತಲಗೆರೆಗೆ ಬಂದಾಗ ಅವಳ ಹತ್ತಿರ ಇದ್ದದ್ದು ಎರಡು ಟ್ರಂಕು ಮತ್ತು ಬಾಯಿತುಂಬ ಪದ. ದನಿ ಇದ್ದಷ್ಟು ಕಾಲ ಊರಿನಲ್ಲಿ ಅವಳು ಹಾಡದೆ ಒಂದು ಹೆಣ್ಣಿಗೂ ಅರಿಶಿಣ ಬಿದ್ದಿರಲಿಲ್ಲ. ಹೊನ್ನಾಳಿಯಲ್ಲಿ ಆಗ ಒಬ್ಬರು ಮನೆಯ ಹಿಂದಿನ ಕೋಣೆಯಲ್ಲಿ ರೆಕಾರ್ಡಿಂಗ್ ಮಾಡುತ್ತಿದ್ದರು. ಅವರೇ ಕರೆಸಿ ಒಂಬತ್ತು ಪದ ಹಾಡಿಸಿ ಒಂದು ಸಿಡಿ ಕೈಗಿಟ್ಟು ಕಳಿಸಿದ್ದರು. ಆ ಕೋಣೆಯಲ್ಲಿ ಈಗ ಮೊಬೈಲ್ ಕವರ್ ಮಾರುತ್ತಾರೆ. ಎರಡು ವರ್ಷದ ಹಿಂದೆ ಗಂಟಲಿನ ಗಡ್ಡೆ ತೆಗೆಸಿದ ಮೇಲೆ ಗಾದ್ರಮ್ಮನಿಗೆ ಉಳಿದದ್ದು ಪಿಸುದನಿ ಮಾತ್ರ. ಈಗ ಮಗಳು ಗಂಗೋತ್ರಿಯ ಮದುವೆ, ಗಂಡು ನ್ಯಾಮತಿಯವನು. ಗಂಗೋತ್ರಿ ಚಿನ್ನ ಕೇಳಲಿಲ್ಲ, ರೇಷ್ಮೆ ಕೇಳಲಿಲ್ಲ. ಅರಿಶಿಣ ಹಚ್ಚುವಾಗ ಅವ್ವನ ಪದ ಕೇಳಬೇಕು, ಸಿಡಿಯಲ್ಲಾದರೂ ಸರಿ ಎಂದಳು.

ಆಗ ಮಾರುತೇಶ ಎದೆ ತಟ್ಟಿಕೊಂಡು ಹೇಳಿದ್ದ, “ಅದೆಲ್ಲಾ ಪೆನ್‌ಡ್ರೈವ್‌ನಾಗೆ ಐತೆ, ಬಿಡು.”

ಹೋದ ವರ್ಷ ಪಕ್ಕದ ಮನೆಯ ಕಂಪ್ಯೂಟರಿನಲ್ಲಿ ಅವನೇ ಹಾಕಿಕೊಂಡಿದ್ದ. ಸಿಡಿ ತೆರೆದರೆ ಒಂಬತ್ತು ಹೆಸರು ಸಾಲಾಗಿ ಕಂಡವು. ಎಳೆದು ಪೆನ್‌ಡ್ರೈವಿಗೆ ಬಿಟ್ಟ. ಕಣ್ಣು ಮಿಟುಕಿಸುವಷ್ಟರಲ್ಲಿ ಒಂಬತ್ತೂ ಇಳಿದವು. ಒಂಬತ್ತು ಪದ ಅಷ್ಟು ಬೇಗ ಹೇಗೆ ಇಳಿದವು ಎಂದು ಯೋಚಿಸಬೇಕಿತ್ತು, ಆದರೆ ಹಾಗೆ ಯೋಚಿಸಿದರೆ ಅವನು ಮಾರುತೇಶ ಹೇಗಾದಾನು? ಸಿಡಿಯ ಕೆಲಸ ಮುಗಿಯಿತು ಎಂದುಕೊಂಡು ಹೊಲಕ್ಕೆ ಒಯ್ದ.

ಅರಿಶಿಣ ನಾಳೆ ಬೆಳಿಗ್ಗೆ ಎನ್ನುವಾಗ, ಇವತ್ತು ಮಧ್ಯಾಹ್ನ ಮೈಕ್ ಸೆಟ್ಟಿನ ಬೆನಕಪ್ಪ ಪೆನ್‌ಡ್ರೈವ್ ಚುಚ್ಚಿ ನೋಡಿದ. ಮತ್ತೊಮ್ಮೆ ಚುಚ್ಚಿದ.

“ಇದ್ರಾಗೆ ಏನೂ ಇಲ್ಲಪ್ಪ.”

“ಒಂಬತ್ತು ಅವೆ, ಸರಿಯಾಗಿ ನೋಡ್ರಿ.”

“ಒಂಬತ್ತು ಹೆಸರು ಅವೆ. ಒಂದೊಂದು ಒಂದು ಕೆ.ಬಿ. ಕೂಡ ಇಲ್ಲ, ಒಳಗೆ ಹಾಡಿಲ್ಲ.”

ಮಾರುತೇಶ ಚಪ್ಪರದ ಮರೆಗೆ ಹೋಗಿ, ಚನ್ನಗಿರಿಯಲ್ಲಿ ಕಂಪ್ಯೂಟರ್ ಅಂಗಡಿ ಇಟ್ಟಿರುವ ವಿನಯ್ ಕುಮಾರನಿಗೆ ಫೋನ್ ಮಾಡಿದ. ವಿನಯ್ ನಗಲಿಲ್ಲ, ಅದಕ್ಕೇ ಹೆಚ್ಚು ಹೆದರಿಕೆಯಾಯಿತು. “ನೀನು ಹಾಡು ಹಾಕ್ಕೊಂಡಿಲ್ಲ ಮಾರುತೇಶ, ಹಾಡಿನ ವಿಳಾಸ ಹಾಕ್ಕೊಂಡೀಯ. ಹಾಡು ಸಿಡಿಯಾಗೇ ಐತೆ. ತಗಂಡು ಬಾ, ನನ್ನ ಹಳೇ ಕಂಪ್ಯೂಟರ್‌ಗೆ ಇನ್ನೂ ಸಿಡಿ ಹಾಕೋ ಬಾಯಿ ಐತೆ.”

ಜೋಳ ಕಟಾವಾದ ಮೇಲೆ ಸಿಡಿಗಳು ದಾರದ ಸಮೇತ ಕೊಟ್ಟಿಗೆಯ ಗೋಣಿಚೀಲ ಸೇರಿದ್ದವು. ಆರನ್ನೂ ಸುರುವಿ ಹುಡುಕಿದ. ಮೇಲಿನ ಬರಹ ಬಿಸಿಲಿಗೆ ಹೋಗಿತ್ತು. ಒಂದರಲ್ಲಿ ಮಾತ್ರ ಪೆನ್ನಿನಿಂದ ಬರೆದ ‘ಗಾ’ ಅರ್ಧ ಉಳಿದಿತ್ತು. ಅಂಗಿಗೆ ಒರೆಸಿದ, ಗೀರು ಇನ್ನಷ್ಟು ಚೆನ್ನಾಗಿ ಕಂಡವು.

ಬೈಕ್ ಹತ್ತುವಷ್ಟರಲ್ಲಿ ಗಾದ್ರಮ್ಮ ಹಿಂದೆ ಬಂದು ನಿಂತಳು. “ಚನ್ನಗಿರಿಗಾ? ನಾನೂ ಬರ್ತೀನಿ. ಬಳೆ ತರಾಕೆ ಐತೆ.”

ಬೇಡ ಎನ್ನಲು ಕಾರಣ ಹೊಳೆಯಲಿಲ್ಲ. ದಾರಿಯುದ್ದಕ್ಕೂ ಜೇಬಿನ ಸಿಡಿ ಎದೆಗೆ ಒತ್ತುತ್ತಿತ್ತು. ಹಿಂದೆ ಕೂತ ಅವ್ವ ಏನೋ ಹೇಳಿದಳು, ಗಾಳಿಯಲ್ಲಿ ಕೇಳಲಿಲ್ಲ. ಕೇಳದಿದ್ದದ್ದೇ ಒಳ್ಳೆಯದಾಯಿತು ಎಂದುಕೊಂಡ, ಹಾಗೆ ಅಂದುಕೊಂಡಿದ್ದಕ್ಕೆ ನಾಚಿಕೆಯೂ ಆಯಿತು.

ವಿನಯ್‌ನ ಕಂಪ್ಯೂಟರಿನಲ್ಲಿ ಇದ್ದದ್ದು ಲಿನಕ್ಸ್. ಪುಕ್ಕಟೆ ಸಿಗುತ್ತದೆ, ಹಳೆಯ ಯಂತ್ರದಲ್ಲೂ ಓಡುತ್ತದೆ ಎಂದು ಬಂದವರಿಗೆಲ್ಲ ಹೇಳುವುದು ಅವನ ಚಟ. ಸಿಡಿ ನುಂಗಿದ ಯಂತ್ರ ಒಮ್ಮೆ ಕರಕರ ಎಂದು ಸುಮ್ಮನಾಯಿತು. ಪರದೆಯ ಮೇಲೆ ಒಂಬತ್ತು ಪದ ಬಂದವು. ಒತ್ತಿದರೆ ನಿಮಿಷ ಓಡುತ್ತದೆ, ಸೆಕೆಂಡು ಓಡುತ್ತದೆ, ದನಿಯಿಲ್ಲ.

“ಹೋಯ್ತೇನ್ರಿ?”

“ತಡಿಯೋ ಮಾರಾಯ.” ವಿನಯ್ ಸೆಟ್ಟಿಂಗ್ಸ್ ತೆರೆದ. ಸ್ಪೀಕರೇ ಇಲ್ಲದ ಮಾನಿಟರಿಗೆ ಯಂತ್ರ ತನ್ನಷ್ಟಕ್ಕೆ ದನಿ ಕಳಿಸುತ್ತಿತ್ತು. ಅದನ್ನು ಸ್ಪೀಕರಿಗೆ ತಿರುಗಿಸಿದ. ಗರ್ ಎಂದು ಬಂತು, ತುಂಡಾಯಿತು, ಮತ್ತೆ ಬಂತು. ಹೆಣ್ಣುದನಿಯ ಚೂರುಗಳು. ಮಾರುತೇಶ ಎದ್ದ, ಕೂತ, ಬಾಗಿಲಿಗೆ ಹೋಗಿ ಬಂದ. ಗಾದ್ರಮ್ಮ ಮಾತ್ರ ಸ್ಟೂಲಿನ ಮೇಲೆ ಕೈಚೀಲ ಇಟ್ಟುಕೊಂಡು ಕೂತಿದ್ದಳು.

“ಭಾಳ ಗೀರು ಬಿದ್ದಾವೆ. ಎಲ್ಲಿಟ್ಟಿದ್ರಿ ಇದನ್ನ?” ವಿನಯ್ ಕೇಳಿದ.

“ಬೀರುವಿನಾಗೆ,” ಎಂದ ಮಾರುತೇಶ, ಗೋಡೆಯ ಕ್ಯಾಲೆಂಡರ್ ನೋಡುತ್ತಾ.

ಇದನ್ನು ಹೀಗೆ ಹಾಡಿಸಲು ಆಗದು, ಮೊದಲು ಓದಿಸಿ ಇಳಿಸಿಕೊಳ್ಳಬೇಕು ಎಂದ ವಿನಯ್. ಪರದೆಯ ಮೇಲೆ ಕಪ್ಪು ಕಿಟಕಿಯೊಂದನ್ನು ತೆರೆದು ಒಂದು ಸಾಲು ಟೈಪ್ ಮಾಡಿದ. ಗೀರು ಬಿದ್ದ ಜಾಗವನ್ನು ಆ ಪ್ರೋಗ್ರಾಂ ಒಂದು ಸಲ ಓದಿ ಬಿಡುವುದಿಲ್ಲ, ಪಟ್ಟು ಹಿಡಿದು ಮತ್ತೆ ಮತ್ತೆ ಓದುತ್ತದೆ. ಕೆಲಸ ಹೇಗೆ ಸಾಗಿದೆ ಎಂದು ತೋರಿಸಲು ಚುಕ್ಕಿ ಗೆರೆಗಳಲ್ಲಿ ಬರೆದ ಒಂದು ಸಣ್ಣ ಮುಖ ಸಾಲಿನ ತುದಿಯಲ್ಲಿತ್ತು. ಸರಿಯಾಗಿ ಓದಿದರೆ ನಗುತ್ತಿತ್ತು, ಗೀರು ಸಿಕ್ಕರೆ ಮುಖ ಸಿಂಡರಿಸುತ್ತಿತ್ತು. ಮಾರುತೇಶ ಕುರ್ಚಿಯ ತುದಿಗೆ ಬಂದು ಅದನ್ನೇ ನೋಡಿದ. ಅದು ನಕ್ಕರೆ ಇವನು ಉಸಿರು ಬಿಟ್ಟ, ಅದು ಸಿಂಡರಿಸಿದರೆ ಇವನು ಉಗುರು ಕಚ್ಚಿದ. ಮೂರು ನಿಮಿಷದ ಪದಕ್ಕೆ ನಲವತ್ತು ನಿಮಿಷ ಹಿಡಿಯಿತು. ಮನೆಯಿಂದ ಐದು ಸಲ ಫೋನ್ ಬಂತು, ಬಾಳೆ ಎಲೆ ಎಲ್ಲಿ, ಸೌದೆ ಎಲ್ಲಿ ಎಂದು. ಅವನು ಎತ್ತಲೇ ಇಲ್ಲ.

ಕೊನೆಗೆ ವಿನಯ್, “ಅರಿಶಿಣದ್ದು ಬಂತು ನೋಡು,” ಎಂದು ಒತ್ತಿದ.

ಗಾದ್ರಮ್ಮನ ದನಿ ಅಂಗಡಿಯ ತುಂಬ ಎದ್ದಿತು. ಅದು ಅವಳ ಹಳೆಯ ದನಿ, ಬೀದಿಯ ಆ ತುದಿಯಿಂದ ಹೆಂಗಸರನ್ನು ಕರೆತರುತ್ತಿದ್ದದ್ದು. ಉಗುರು ಕಚ್ಚುತ್ತಿದ್ದ ಮಾರುತೇಶನ ಕೈ ಕೆಳಗಿಳಿಯಿತು. ಎರಡು ವರ್ಷದಲ್ಲಿ ಆ ದನಿ ಹೇಗಿತ್ತೆಂದು ಅವನು ಮರೆತೇಬಿಟ್ಟಿದ್ದ. ಪದ ಮೂರು ಕಡೆ ಹರಿದಿತ್ತು. ಅಲ್ಲಿ ಬರೀ ಮೌನ, ಒಂದೊಂದು ಸಾಲಿನಷ್ಟು.

“ಇಷ್ಟೇ ಆಗೋದು. ಆ ಜಾಗ ಪೂರ್ತಿ ಹೋಗೈತೆ,” ಎಂದ ವಿನಯ್.

ಗಾದ್ರಮ್ಮ ಸ್ಪೀಕರ್ ನೋಡುತ್ತಿದ್ದಳು. ಆಮೇಲೆ ಮಗನ ಕಡೆ ತಿರುಗಿ, ಅದೇ ಪಿಸುದನಿಯಲ್ಲಿ ಕೇಳಿದಳು, “ಗಿಣಿ ಹೆದರಿದ್ವೇನ್ಲಾ?”

ಮಾರುತೇಶ ಕುರ್ಚಿಯಿಂದ ಎದ್ದ. “ನಿನಗೆ ಗೊತ್ತಿತ್ತಾ ಅವ್ವ?”

“ಬುತ್ತಿ ತರೋವಾಗ ದಿನಾ ನೋಡ್ತಿದ್ದೆ. ಹೆಸರು ಬರೆದಿತ್ತಲ್ಲ.”

“ಮತ್ತೆ ಬಿಚ್ಚಬಾರದಿತ್ತಾ? ನನ್ನ ಬೈಬಾರದಿತ್ತಾ?”

“ಮಗನೇ ಕಟ್ಟಿದ್ದಾನೆ. ಇನ್ನು ಯಾರಿಗೂ ಬ್ಯಾಡಾಗೈತೆ ಅಂದ್ಕಂಡೆ.”

ಸಿಟ್ಟಿಲ್ಲದೆ ಹೇಳಿದಳು, ಉಪ್ಪು ಮುಗಿದಿದೆ ಎನ್ನುವಂತೆ. ಅವಳು ಬೈದಿದ್ದರೆ ಅವನು ಏನಾದರೂ ಒಂದು ಸಬೂಬು ಹೇಳಿ ಬಚಾವಾಗುತ್ತಿದ್ದ. ಈಗ ತಲೆ ಎತ್ತಲಾಗಲಿಲ್ಲ. ಬೆಳೆ ಕಾಯ್ದ ಅಷ್ಟೂ ದಿನ ಅವ್ವ ಬುತ್ತಿ ಹಿಡಿದು ತನ್ನ ಹೆಸರಿನ ಕೆಳಗೇ ಹಾದುಹೋಗಿದ್ದಳು, ಬಂದು ಅವನಿಗೇ ಬಡಿಸಿದ್ದಳು. ನೆನೆದು ಅವನ ಕಣ್ಣು ತುಂಬಿದವು.

ವಿನಯ್ ಬೇಕೆಂದೇ ಕೀಬೋರ್ಡ್ ಒರೆಸುತ್ತಾ ಕೂತ.

“ಅವ್ವ,” ಎಂದ ಮಾರುತೇಶ, “ಆ ಮೂರು ಸಾಲು ನಾಳೆ ನೀನೇ ಹೇಳಬೇಕು.”

“ನನ್ನ ದನಿ ಪಕ್ಕದೋರಿಗೆ ಕೇಳಲ್ಲ.”

“ಮೈಕ್ ಇರೋದು ಮತ್ಯಾತಕ್ಕೆ? ನಾನೇ ಹಿಡ್ಕಂತೀನಿ. ನಿನ್ನ ಬಾಯಿ ಹತ್ರ.”

“ಪಿಸುಮಾತಿಗೆ ಯಾರಾದರೂ ಮೈಕ್ ಹಿಡೀತಾರೇನ್ಲಾ? ಬೀಗರು ನಗ್ತಾರೆ.”

“ನಗ್ಲಿ. ಗಂಗೋತ್ರಿಗೆ ನೀನು ಬೇಕು. ನನಗೂ ಬೇಕು.”

ಗಾದ್ರಮ್ಮ ಕೈಚೀಲವನ್ನು ನೆಲಕ್ಕಿಟ್ಟು, ಸ್ಟೂಲನ್ನು ಸ್ಪೀಕರಿನ ಹತ್ತಿರ ಎಳೆದುಕೊಂಡು, ಸೆರಗಿನಿಂದ ಬಾಯಿ ಒರೆಸಿಕೊಂಡಳು.

“ಆ ಮೊದಲನೇದು ಹರಿದೈತಲ್ಲ,” ಎಂದಳು ವಿನಯ್‌ಗೆ, “ಅದಕ್ಕಿಂತ ಸ್ವಲ್ಪ ಹಿಂದಿಂದ ಹಾಕಪ್ಪ.”