ಜಾರಿದ ಸ್ವರದ ಹಿಂದೆ ಹೋದವರು

ನನ್ನ ತಂಗಿಯದು ಮೂವರ ಪ್ರೋಗ್ರೆಸಿವ್ ರಾಕ್ ಬ್ಯಾಂಡು. ಈ ಸಲದ ಆಲ್ಬಮ್ಮಿಗೆ ಅವರು ಏನನ್ನೂ ಮೊದಲೇ ಕಟ್ಟಿಕೊಂಡಿರಲಿಲ್ಲ. ಗೋಡೆಗೆಲ್ಲ ಕಂಬಳಿ ಹೊದಿಸಿದ ಸ್ಟುಡಿಯೋದಲ್ಲಿ ಒಬ್ಬರ ಮುಖ ಒಬ್ಬರು ನೋಡುತ್ತ, ಹೊಳೆದದ್ದನ್ನು ನುಡಿಸಿದ್ದರು. ಕಟ್ಟಳೆ ಒಂದೇ: ಯಾರ ಕೈ ಜಾರಿದರೂ ಅವರನ್ನು ಒಂಟಿಯಾಗಿ ಬಿಡಬಾರದು, ಜೊತೆಗೆ ಹೋಗಬೇಕು.

ಜಾರಿದ್ದು ತಂಗಿಯ ಕೈ. ಕೀಬೋರ್ಡಿನಲ್ಲಿ ಬೆರಳು ಪಕ್ಕದ ಮನೆಗೆ, ಬೇಡದ ಸ್ವರಕ್ಕೆ, ಹೋಯಿತು. ಬಾಸ್ ಗಿಟಾರಿನವನು ಅದರ ಹಿಂದೆ ಹೋದ. ಡ್ರಮ್ಮಿನವಳು ಲಯ ಮುರಿದು ಅಲ್ಲಿಗೇ ಬಂದಳು. ಅಲ್ಲಿಂದಾಚೆ ಸಂಗೀತ ಯಾರೂ ಅಂದುಕೊಂಡಿರದ ಕಡೆ ತಿರುಗಿತು.

ಆಲ್ಬಮ್ ಹೊರತರಬೇಕಾದ ಕಂಪನಿಯ ಮ್ಯಾನೇಜರ್ ಒಪ್ಪಂದದ ಕಾಗದ ಹಿಡಿದು ಬಂದಿದ್ದರು. ರೆಕಾರ್ಡಿಂಗ್ ಕೇಳಿ ಮುಖ ಕಿವುಚಿದರು. ನಾನೂ ಅಲ್ಲೇ ಕೂತಿದ್ದೆ.

“ಅದೊಂದು ಸ್ವರ ತಿದ್ದಿಬಿಡಿ. ಕಂಪ್ಯೂಟರಲ್ಲಿ ಚಿಟಿಕೆ ಹೊಡೆಯೋಷ್ಟರಲ್ಲಿ ಆಗೋ ಕೆಲಸ.”

“ಆಗಲ್ಲ ಸಾರ್,” ಅಂದಳು ತಂಗಿ.

“ಯಾಕಮ್ಮ ಹಟ? ನಿಮ್ಮಕ್ಕನ್ನೇ ಕೇಳಿ. ಪದ್ಯ ಕೇಳಿ ಬೆಳೆದೋರು ಅಂದ್ರಲ್ಲ.”

ತಂಗಿ ತಲೆ ತಗ್ಗಿಸಿದಳು. ನಮ್ಮಪ್ಪ ದೇವರ ಮುಂದೆ ಪದ್ಯ ಓದುವಾಗ ಒಂದಕ್ಷರ ತಪ್ಪಿದರೂ ಮೊದಲಿಂದ ಶುರು ಮಾಡುತ್ತಿದ್ದರು. ಅವಳು ಚಡಪಡಿಸುತ್ತಿದ್ದಳು, ನಾನು ಕೈಮುಗಿದೇ ಕೂತಿರುತ್ತಿದ್ದೆ. ಈಗಲೂ ತಪ್ಪು ಅಂದರೆ ನನ್ನ ಕಿವಿಗೆ ಮುಳ್ಳು.

“ತಿದ್ದಿ ಕೇಳಿಸಿ, ನೋಡೋಣ,” ಅಂದೆ.

ತಂಗಿ ತಟ್ಟನೆ ನನ್ನತ್ತ ತಿರುಗಿದಳು. ರೆಕಾರ್ಡಿಂಗಿನವನು ತಿದ್ದಿದ. ಅವಳ ಸ್ವರ ನೆಟ್ಟಗಾಯಿತು. ಆದರೆ ಬಾಸೂ ಡ್ರಮ್ಮೂ, ಯಾರೋ ಕರೆದರೆಂದು ಓಡಿಬಂದು, ಕರೆದವರೇ ಇಲ್ಲದೆ ಬೀದಿಯಲ್ಲಿ ನಿಂತವರ ಹಾಗೆ ಕೇಳಿಸಿದವು.

“ಅವರನ್ನೂ ತಿದ್ದಿದ್ರಾಯ್ತು,” ಅಂದರು ಮ್ಯಾನೇಜರ್.

“ಕಂಪ್ಯೂಟರೇ ನುಡಿಸಲಿ ಬಿಡಿ ಸಾರ್, ನಾವು ಮನೆಗೆ ಹೋಗಿ ಮಲಗ್ತೀವಿ,” ಡ್ರಮ್ಮಿನವಳು ನಕ್ಕಳು.

ನನಗೆ ನಗು ಬರಲಿಲ್ಲ. “ಅಪ್ಪ ಒಬ್ರೇ ಓದ್ತಿದ್ರು, ಒಬ್ರೇ ತಿದ್ಕೋತಿದ್ರು. ಇಲ್ಲಿ ಇವಳನ್ನ ನಂಬಿ ಇಬ್ಬರು ಬಂದಿದ್ದಾರೆ. ಅವರನ್ನ ಸುಳ್ಳು ಮಾಡೋದು ಬೇಡ. ಮೊದಲಿದ್ದ ಹಾಗೇ ಇರಲಿ.”

“ಹಾಗಾದ್ರೆ ಕಂಪನಿ ಇದನ್ನ ಹೊರಗೆ ತರಲ್ಲ.”

“ತರಬೇಡಿ.” ತಂಗಿ ಸಹಿ ಮಾಡದ ಕಾಗದವನ್ನು ಅವರತ್ತ ತಳ್ಳಿದಳು. “ಸ್ಟುಡಿಯೋ ಬಾಡಿಗೆ ಕೊಟ್ಟಿರೋರು ನಾವು. ನಾವೇ ತರ್ತೀವಿ.”

ರೆಕಾರ್ಡಿಂಗಿನವನು ತಿದ್ದದ ಪ್ರತಿಯ ಡಿಸ್ಕನ್ನು ತಂದು ನನ್ನ ಕೈಗಿಟ್ಟ. ಮ್ಯಾನೇಜರ್ ಬಾಗಿಲಿಗೆ ಅಡ್ಡವಾದರು. “ನೀವಾದ್ರೂ ಬುದ್ಧಿ ಹೇಳಿ ತಾಯಿ. ಇದನ್ನ ಯಾರು ಕೇಳ್ತಾರೆ?”

ನಾನು ಯಾರೆದುರೂ ದನಿ ಎತ್ತಿದವಳಲ್ಲ. ಡಿಸ್ಕನ್ನು ಚೀಲಕ್ಕೆ ಹಾಕಿಕೊಂಡು ಎದ್ದೆ.

“ನಾನು ಕೇಳ್ತೀನಿ. ದಾರಿ ಬಿಡಿ.”