ಹಸಿರು ಪಟ್ಟಿಯ ಗಂಡ

ಆಟದ ಮೈದಾನದ ಮರದ ಗ್ಯಾಲರಿ ಕುಸಿದಾಗ ಟೈಲರ್ ಅದರ ಮೇಲೆ ಕೂತು ಪಂದ್ಯ ನೋಡುತ್ತಿದ್ದ. ಹಲಗೆಗಳ ಸಂದಿಯಿಂದ ಯಾರೋ ಎಳೆದು ಹೊರಗೆ ಹಾಕಿದರು. ಎಡಗೈ ಮುರಿದಿತ್ತು, ಬಾಯಿಗೆ ಏನೂ ಆಗಿರಲಿಲ್ಲ. ಸೂಜಿ ಚುಚ್ಚಿದರೂ ಊರೆಲ್ಲ ಒಂದು ಮಾಡುವ ಮನುಷ್ಯ, ಮೂಳೆ ಮುರಿದರೆ ಬಿಡುತ್ತಾನೆಯೇ?

ಆಸ್ಪತ್ರೆಯ ತಂಡ ಬಂತು. ಎಲ್ಲರಿಗಿಂತ ಮುಂದೆ ಹೆಡ್ ನರ್ಸ್, ಅಂದರೆ ಅವನ ಹೆಂಡತಿ. ಟೈಲರ್‌ಗೆ ಹೋದ ಜೀವ ಬಂದಂತಾಯಿತು.

"ಲೇ ಇವಳೇ, ಇಲ್ಲಿದೀನಿ ಕಣೇ! ಸತ್ತೇ ಹೋದೆ!"

ಅವಳು ಬಂದಳು. "ಎದ್ದು ನಿಂತ್ಕೊಳ್ಳಿ." ನಿಂತ. "ನಡೀರಿ ನೋಡೋಣ." ನಡೆದ. ಅಂಗಿಯ ಗುಂಡಿಗೆ ಹಸಿರು ಪಟ್ಟಿ ಕಟ್ಟಿ, "ಆ ಮರದ ಕೆಳಗೆ ಕೂತಿರಿ," ಎಂದು ಹೊರಟೇಬಿಟ್ಟಳು.

ಗಾಯಗೊಂಡವರು ಹೆಚ್ಚಾಗಿ, ನೋಡುವ ಕೈ ಕಡಿಮೆಯಾದಾಗ ಅವಳ ಕಸುಬಿನ ನಿಯಮವೇ ಅದು. ಕೂಗುವವನಿಗೆ ಉಸಿರಿದೆ, ನಡೆಯುವವನು ಕಾಯಬಲ್ಲ, ಅವನಿಗೆ ಹಸಿರು. ಸದ್ದಿಲ್ಲದೆ ಬಿದ್ದವರನ್ನು ಮೊದಲು ನೋಡಬೇಕು, ಜೀವ ಜಾರುತ್ತಿದ್ದರೆ ಕೆಂಪು. ಊಟಕ್ಕೆ ಕೂತಾಗ ಅವಳು ಇದನ್ನೆಲ್ಲ ಹೇಳಿದ್ದಳು, ಅವನು ಹೂಂಗುಟ್ಟಿದ್ದ. ಆದರೆ ಅದು ಬೇರೆಯವರ ಗಂಡಂದಿರಿಗೆ ಎಂದುಕೊಂಡಿದ್ದ.

"ನನ್ನ ಸ್ವಂತ ಹೆಂಡ್ತಿ ರೀ," ಎಂದು ಪಕ್ಕದಲ್ಲಿದ್ದ ಪೋಸ್ಟ್‌ಮ್ಯಾನ್ ಹತ್ತಿರ ಗೋಳು ತೋಡಿಕೊಂಡ.

ಪೋಸ್ಟ್‌ಮ್ಯಾನ್ ಊದಿದ ಕಾಲು ನೀವಿಕೊಳ್ಳುತ್ತಾ, "ನನಗೂ ಹಸಿರೇ ಕೊಟ್ರು," ಎಂದ.

"ನಿಮಗೆ ಕೊಡಲಿ ಬಿಡಿ. ನಿಮಗೂ ಅವಳಿಗೂ ಏನು ಸಂಬಂಧ?"

ಟೈಲರ್ ಕೂಗಿದ, ನರಳಿದ, ಮತ್ತೆ ಕೂಗಿದ. ಅವಳು ತಿರುಗಲಿಲ್ಲ. ದೂರದಲ್ಲಿ ಯಾವುದೋ ಕೆಂಪು ಪಟ್ಟಿಯ ಹೆಂಗಸಿನ ಪಕ್ಕ ಮಂಡಿಯೂರಿದ್ದಳು. ಇಷ್ಟು ವರ್ಷ ಸಂಸಾರ ಮಾಡಿದ ಮೇಲೆ ತಾನು ಅವಳಿಗೆ ಇಷ್ಟೇನೇ? ಮುರಿದ ಕೈಗಿಂತ ಅದೇ ಹೆಚ್ಚು ನೋಯಿತು. ಟೈಲರ್ ಮುಖ ಊದಿಸಿಕೊಂಡು, ಬಾಯಿಗೆ ಬೀಗ ಹಾಕಿಕೊಂಡು, ಮರಕ್ಕೆ ಒರಗಿ ಕಣ್ಣು ಮುಚ್ಚಿದ.

ಸ್ವಲ್ಪ ಹೊತ್ತಿಗೆ ಯಾರೋ ಎದ್ದೂ ಬಿದ್ದೂ ಓಡಿ ಬಂದರು. ರೆಪ್ಪೆ ಎತ್ತಿ ಟಾರ್ಚ್ ಬಿಟ್ಟರು. ಕತ್ತಿನ ಮೇಲೆ ಬೆರಳು, ಹೊಟ್ಟೆಯ ಮೇಲೆ ಅಂಗೈ.

"ರೀ! ಎಲ್ಲಿ ನೋವು? ಹೊಟ್ಟೇನಾ? ಮಾತಾಡ್ರೀ!"

"ಕೋಪ," ಎಂದ ಟೈಲರ್.

"ಏನು?"

"ನೋವಲ್ಲ ಕಣೇ, ಕೋಪ. ಅದಕ್ಕೇ ಸುಮ್ಮನಿದ್ದೆ."

ಅವಳು ಅಲ್ಲೇ ದೊಪ್ಪನೆ ಕೂತುಬಿಟ್ಟಳು. ಕೂಗುತ್ತಿದ್ದವನು ಇದ್ದಕ್ಕಿದ್ದಂತೆ ಸುಮ್ಮನಾದರೆ ಒಳಗೆಲ್ಲೋ ರಕ್ತ ಸೋರುತ್ತಿರಬಹುದು ಎನ್ನುವುದೂ ಅವಳ ಕಸುಬಿನ ಪಾಠವೇ.

"ನಿಮ್ಮ ಕೂಗು ಕೇಳ್ತಿದ್ದಷ್ಟು ಹೊತ್ತು ನನ್ನ ಕೈ ಓಡ್ತಿತ್ತು. ಅದು ನಿಂತ ಮೇಲೆ ಬ್ಯಾಂಡೇಜಿಗೆ ಒಂದು ಗಂಟು ಹಾಕೋಕೂ ಆಗ್ಲಿಲ್ಲ," ಎಂದಳು. "ಕೋಪ ಏನಿದ್ರೂ ಮನೇಲಿ ಮಾಡ್ಕೊಳ್ಳಿ." ತೋಳಿನಿಂದ ಕಣ್ಣೊರೆಸಿಕೊಂಡು ಬಂದ ದಾರಿಯಲ್ಲೇ ಓಡಿದಳು.

ಟೈಲರ್‌ಗೆ ನಾಚಿಕೆಯಾಯಿತು. ನಾಚಿಕೆಗಿಂತ ಸಂತೋಷವೇ ಹೆಚ್ಚಾಯಿತು. ಎದೆ ತುಂಬ ಉಸಿರು ಎಳೆದುಕೊಂಡು, "ಅಯ್ಯಯ್ಯೋ, ಸತ್ತೇ ಕಣೇ!" ಎಂದು ಮೈದಾನವೇ ಅದುರುವಂತೆ ಕೂಗಿದ.

ಪೋಸ್ಟ್‌ಮ್ಯಾನ್ ಬೆಚ್ಚಿಬಿದ್ದ. "ಅಷ್ಟೊಂದು ನೋವಾ?"

"ಇಲ್ಲಪ್ಪಾ. ಅವಳಿಗೆ ಇನ್ನೂ ತುಂಬಾ ಕೆಲಸ ಇದೆ," ಎಂದು ಟೈಲರ್ ಮತ್ತೆ ಬಾಯಿ ತೆರೆದ.